ಗೆರೆ ಮುಟ್ಟಿದ ಹೊಲಿಗೆ

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಕಾಜಾ ಅಕ್ಕ ಎಂದೇ ಕರೆಯುತ್ತಿದ್ದರು. ಗುಂಡಿ ತೂರಿಸುವ ಸೀಳಿನ ಸುತ್ತ ದಾರ ಕಟ್ಟಿ ಬಿಗಿ ಮಾಡುವುದಕ್ಕೆ ದರ್ಜಿಗಳು ಕಾಜಾ ಹಾಕುವುದು ಎನ್ನುತ್ತಾರೆ. ಮೂವತ್ತೈದು ವರ್ಷಗಳಿಂದ ಅವಳು ಮುಖ್ಯವಾಗಿ ಮಾಡಿದ್ದು ಅದೊಂದೇ ಕೆಲಸ. ಅಂಗಡಿ ಅವಳ ಅಕ್ಕನ ಗಂಡನದು. ಭಾವ ಮುಂದಿನ ಮೇಜಿನಲ್ಲಿ ಅಳತೆ ತೆಗೆದು ಬಟ್ಟೆ ಕತ್ತರಿಸುತ್ತಿದ್ದ, ಅಕ್ಕ ಮಿಷನ್ನಿನ ಮೇಲೆ ಕೂರುತ್ತಿದ್ದಳು, ಇವಳು ಕಿಟಕಿಯ ಪಕ್ಕದ ಎತ್ತರದ ಸ್ಟೂಲಿನ ಮೇಲೆ ಸೂಜಿ ಹಿಡಿದಿರುತ್ತಿದ್ದಳು. ಮೂವರ ವಾಸವೂ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ. ಮದುವೆಯ ಮಾತು ಒಂದೆರಡು ಸಲ ಬಂದು, ಯಾರೂ ಹೆಚ್ಚು ಎಳೆದಾಡದೆ ಇದ್ದುದರಿಂದ ಅಲ್ಲೇ ನಿಂತುಹೋಗಿತ್ತು. ಅದರ ಬಗ್ಗೆ ಅವಳಿಗೆ ಕೊರಗಿರಲಿಲ್ಲ.

ಕೊರಗು ಇದ್ದದ್ದು ಬೇರೆಯ ವಿಷಯಕ್ಕೆ. ಹತ್ತನೇ ತರಗತಿಯ ಗಣಿತದಲ್ಲಿ ಅವಳು ನಪಾಸಾಗಿದ್ದಳು. ನಪಾಸಾದದ್ದಕ್ಕಿಂತ ಅದಕ್ಕೆ ಮೊದಲು ನಡೆದ ಒಂದು ಸಣ್ಣ ಸಂಗತಿ ಅವಳ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತ್ತು. ವರ್ಗ ಸಮೀಕರಣದ ನಕ್ಷೆ ಬರೆಯಿರಿ ಎಂದಾಗ ಅವಳು ಬಿಂದುಗಳನ್ನು ಸರಿಯಾಗಿಯೇ ಗುರುತಿಸಿ, ಆಮೇಲೆ ಸ್ಕೇಲು ಇಟ್ಟು ಅವನ್ನು ನೇರ ಗೆರೆಗಳಿಂದ ಸೇರಿಸಿದ್ದಳು. ಮೇಷ್ಟ್ರು ಆ ಹಾಳೆಯನ್ನು ಎತ್ತಿ ಹಿಡಿದು, "ನೋಡಿ, ಇವಳು ಮುರಿದ ಕುರ್ಚಿ ಬರೆದಿದ್ದಾಳೆ" ಎಂದಿದ್ದರು. ತರಗತಿ ನಕ್ಕಿತ್ತು. ಮಾರನೇ ವರ್ಷ ಅವಳು ಮತ್ತೆ ಪರೀಕ್ಷೆಗೆ ಕಟ್ಟಲಿಲ್ಲ. ಲೆಕ್ಕ ಎಂಬ ಮಾತು ಕಿವಿಗೆ ಬಿದ್ದರೆ ಮುಖ ತಿರುಗಿಸಿಕೊಂಡೇ ಐವತ್ತು ದಾಟಿದಳು.

ಹೀಗಿರುವಾಗ ಒಂದು ಮಧ್ಯಾಹ್ನ ಊರಿನ ದೊಡ್ಡ ಆಸ್ಪತ್ರೆಯ ಟೆಲಿಫೋನ್ ಆಪರೇಟರ್ ಅಂಗಡಿಗೆ ಬಂದಳು. ಮೂವತ್ತನಾಲ್ಕರ ಆಸುಪಾಸಿನ ಹೆಂಗಸು. ಒಂಬತ್ತನೇ ವಯಸ್ಸಿನಲ್ಲಿ ಜ್ವರ ಬಂದು ಎರಡೂ ಕಣ್ಣು ಹೋಗಿದ್ದವು. ಕೋಲನ್ನು ಮೇಜಿಗೆ ಆನಿಸಿ, ಚೀಲದಿಂದ ಹೊಲಿಯುವ ಬಟ್ಟೆಯ ಬದಲು ಒಂದು ಪುಸ್ತಕ ತೆಗೆದಳು.

"ಇಲ್ಲಿ ಕೈಹೊಲಿಗೆ ಚೆನ್ನಾಗಿ ಮಾಡೋರು ಯಾರೋ ಇದ್ದಾರಂತೆ," ಎಂದಳು. "ನನಗೆ ಬೆರಳಿಗೆ ಸಿಗೋ ಹಾಗೆ ಕೆಲವು ಗೆರೆ ಹೊಲಿದು ಕೊಡ್ತೀರಾ?"

"ಎಂಥ ಗೆರೆ?" ಎಂದು ಕಾಜಾ ಅಕ್ಕ ಕೇಳಿದಳು.

ಆಪರೇಟರ್ ತನ್ನ ಕಥೆ ಹೇಳಿದಳು. ಅವಳಿಗೆ ಅಂಧ ಮಕ್ಕಳ ಶಾಲೆಯಲ್ಲಿ ಟೀಚರ್ ಆಗುವ ಆಸೆ. ಹಿಂದೆ ಹತ್ತನೇ ತರಗತಿಯಲ್ಲಿ ಗಣಿತದ ಬದಲು ಸಂಗೀತ ತೆಗೆದುಕೊಳ್ಳಲು ಬಿಟ್ಟಿದ್ದರು, ಈಗ ಟೀಚರ್ ತರಬೇತಿಗೆ ಗಣಿತ ಪಾಸಾಗಿರಲೇಬೇಕು ಎನ್ನುತ್ತಾರೆ. ಬ್ರೈಲ್ ಪುಸ್ತಕ ತರಿಸಿ ಓದಿದ್ದಾಳೆ. ಎಲ್ಲವೂ ಬಂತು, ನಕ್ಷೆಯ ಪಾಠದಲ್ಲಿ ಮಾತ್ರ ಗಾಡಿ ನಿಂತಿದೆ.

"ಪುಟ ಪುಟಕ್ಕೂ 'ಚಿತ್ರ ನೋಡಿ' ಅಂತ ಬರೆದಿದೆ, ಅಕ್ಕ. ನೋಡೋದು ಎಲ್ಲಿಂದ?"

ಆಪರೇಟರ್ ತಂದಿದ್ದದ್ದು ಕಣ್ಣಿರುವವರು ಓದುವ ಅಚ್ಚಿನ ಪುಸ್ತಕ, ಕಾಜಾ ಅಕ್ಕ ಅದನ್ನು ತೆರೆದಳು. ಅದೇ ಪಾಠ. ಪುಸ್ತಕ ಮುಚ್ಚಿ ಹಿಂದಕ್ಕೆ ಸರಿಸಿದಳು. "ನನಗೆ ಲೆಕ್ಕ ಬರೋದಿಲ್ಲ ಕಣಮ್ಮ. ಬೇರೆ ಯಾರನ್ನಾದರೂ ನೋಡು," ಎಂದಳು.

"ಲೆಕ್ಕ ನಾನು ಮಾಡ್ತೀನಿ. ಹೊಲಿಗೆ ನೀವು ಮಾಡಿ," ಎಂದಳು ಆಪರೇಟರ್.

ಕಾಜಾ ಅಕ್ಕ ಪುಸ್ತಕವನ್ನು ಮತ್ತೆ ಹತ್ತಿರ ಎಳೆದುಕೊಂಡಳು. ಕಾಲರಿನ ಒಳಗೆ ಇಡುವ ಗಟ್ಟಿ ಬಕ್ರಂ ಬಟ್ಟೆಯ ಒಂದು ತುಂಡು ಕತ್ತರಿಸಿಕೊಂಡಳು. ಅದರ ಮೇಲೆ ಹೆಬ್ಬೆರಳಿನ ಅಗಲಕ್ಕೊಂದರಂತೆ ತೆಳು ದಾರದಲ್ಲಿ ಚೌಕುಳಿ ಹಾಕಿದಳು. ಸೊನ್ನೆಯಲ್ಲಿ ಸೇರುವ ಅಡ್ಡ ಗೆರೆ, ನೆಟ್ಟ ಗೆರೆ ಎರಡನ್ನೂ ದಪ್ಪ ಸರಪಳಿ ಹೊಲಿಗೆಯಲ್ಲಿ ಎಬ್ಬಿಸಿದಳು. ಆಪರೇಟರ್ ಎದುರಿಗೆ ಕೂತು ಬಾಯಿಲೆಕ್ಕ ಮಾಡಿ ಹೇಳುತ್ತ ಹೋದಳು: "ಎಕ್ಸ್ ವರ್ಗ, ಅದರಲ್ಲಿ ನಾಲ್ಕು ಎಕ್ಸ್ ಕಳೆದು ಮೂರು ಕೂಡಿಸ್ಬೇಕು. ಎಕ್ಸ್ ಸೊನ್ನೆ ಆದಾಗ ಮೂರು ಮನೆ ಮೇಲೆ. ಒಂದಾದಾಗ ಗೆರೆ ಮೇಲೇ. ಎರಡಾದಾಗ ಒಂದು ಮನೆ ಕೆಳಗೆ. ಮೂರಕ್ಕೆ ಮತ್ತೆ ಗೆರೆ ಮೇಲೆ. ನಾಲ್ಕಕ್ಕೆ ಮತ್ತೆ ಮೂರು." ಕಾಜಾ ಅಕ್ಕ ಐದು ಕಡೆ ಐದು ಗಂಟು ಹಾಕಿದಳು. ಈಗ ಅವನ್ನು ಸೇರಿಸಬೇಕು. ಈ ಸಲ ಅವಳು ಸ್ಕೇಲು ಮುಟ್ಟಲಿಲ್ಲ. ಭಾವನ ಮೇಜಿನ ಮೇಲಿದ್ದ, ತೋಳಿನ ಸುತ್ತು ಕತ್ತರಿಸುವ ಬಾಗಿದ ಪಟ್ಟಿಯನ್ನು ತಂದು ಇಟ್ಟು ನೋಡಿದಳು. ಎಡಗಡೆಗೆ ಕೂತಿತು, ಬಲಗಡೆಗೆ ಕೂರಲಿಲ್ಲ.

ಅವಳು ಒಂದು ಕಾಗದ ತೆಗೆದು ನಡುವಿಗೆ ಸರಿಯಾಗಿ ಮಡಚಿದಳು. ಮಡಿಕೆ ಎಕ್ಸ್ ಎರಡು ಇರುವಲ್ಲಿ ಬರುವಂತೆ ಇಟ್ಟು, ಪಟ್ಟಿ ಕೂತಿದ್ದ ಎಡಗಡೆಯ ಅರ್ಧವನ್ನಷ್ಟೇ ಗುರುತು ಹಾಕಿ ಕತ್ತರಿಸಿದಳು. ರವಿಕೆಯ ಕುತ್ತಿಗೆ ಕತ್ತರಿಸುವುದು ಹಾಗೆಯೇ: ಅರ್ಧ ಕತ್ತರಿಸಿ ಬಿಡಿಸಿದರೆ ಎರಡು ಕಡೆಯೂ ಒಂದೇ ಸಮ. ಕಾಗದ ಬಿಡಿಸಿ ಬಕ್ರಂ ಮೇಲೆ ಇಟ್ಟಾಗ ಐದೂ ಗಂಟುಗಳು ಅಂಚಿಗೆ ಬಂದು ಕೂತವು. ಆ ಅಂಚನ್ನೇ ಹಿಡಿದು ಗೆರೆ ಹೊಲಿದಳು.

ಆಪರೇಟರಿನ ಬೆರಳು ಆ ಹೊಲಿಗೆಯ ಮೇಲೆ ನಿಧಾನವಾಗಿ ಇಳಿಯಿತು, ಅಡ್ಡ ಗೆರೆಯನ್ನು ದಾಟಿತು, ತಳ ಮುಟ್ಟಿ ಮತ್ತೆ ಹತ್ತಿ ಇನ್ನೊಮ್ಮೆ ದಾಟಿತು. ಮೂರು ಸಲ ಹಾಗೆ ಮಾಡಿದಳು.

"ಎರಡು ಕಡೆ ಕತ್ತರಿಸ್ತು," ಎಂದಳು ಮೆಲ್ಲಗೆ. "ಒಂದರಲ್ಲಿ, ಮೂರರಲ್ಲಿ. ಇವೇ ಆ ಸಮೀಕರಣದ ಎರಡು ಮೂಲ. ಎಷ್ಟು ದಿನ ಬಾಯಿಪಾಠ ಹೇಳ್ತಿದ್ದೆ, ಇದು ಹೀಗಿರುತ್ತೆ ಅಂತ ಗೊತ್ತೇ ಇರಲಿಲ್ಲ."

ಭಾವ ಕನ್ನಡಕದ ಮೇಲಿನಿಂದ ಇಣುಕಿದ. "ಯಾರಿಗೆ ಹೊಲೀತಿದ್ದೀಯಮ್ಮ ಇದನ್ನ? ಎರಡು ತೋಳಿದೆ, ಮೈಯೇ ಇಲ್ವಲ್ಲ," ಎಂದ. ಆಪರೇಟರ್ ಬಿದ್ದು ಬಿದ್ದು ನಕ್ಕಳು.

ಅಂದಿನಿಂದ ವಾರಕ್ಕೆರಡು ಮಧ್ಯಾಹ್ನ ಅವಳು ಬರತೊಡಗಿದಳು. ಕಿಟಕಿಯ ಪಕ್ಕ ಎರಡನೇ ಸ್ಟೂಲು ಬಂತು. ಆಪರೇಟರ್ ಹೇಳಿದ್ದನ್ನು ಕಾಜಾ ಅಕ್ಕನ ಕೈ ಮೊದಲು ಕಲಿಯಿತು, ತಲೆ ಆಮೇಲೆ ಕಲಿಯಿತು. ವರ್ಗದ ಮುಂದಿನ ಸಂಖ್ಯೆ ಧನವಾದರೆ ಗೆರೆ ಬಟ್ಟಲಿನಂತೆ ಮೇಲಕ್ಕೆ ಬಾಯಿ ತೆರೆದಿರುತ್ತದೆ, ಋಣವಾದರೆ ಕವುಚಿ ಹಾಕಿದ ಬಟ್ಟಲು. ಆ ಸಂಖ್ಯೆ ದೊಡ್ಡದಾದಷ್ಟೂ ಬಟ್ಟಲು ಇಕ್ಕಟ್ಟು, ಚಿಕ್ಕದಾದಷ್ಟೂ ಅಗಲ. ಅಡ್ಡ ಗೆರೆಯನ್ನು ಎರಡು ಕಡೆ ಕತ್ತರಿಸಿದರೆ ಬೇರೆ ಬೇರೆ ಎರಡು ಮೂಲ. ಒಂದೇ ಕಡೆ ಮುಟ್ಟಿ ಹಿಂತಿರುಗಿದರೆ ಎರಡೂ ಮೂಲ ಸಮ. ಮುಟ್ಟದೇ ಇದ್ದರೆ ವಾಸ್ತವ ಮೂಲವೇ ಇಲ್ಲ.

ಹೊಲಿಯುತ್ತ ಹೊಲಿಯುತ್ತ ಅವಳೇ ಕಂಡುಕೊಂಡದ್ದೂ ಇತ್ತು. ಮೊದಲನೆಯ ಸಮೀಕರಣದ ಕೊನೆಯ ಮೂರನ್ನು ನಾಲ್ಕು ಮಾಡಿದರೆ, ಐದು ಮಾಡಿದರೆ, ಹೊಸ ಕಾಗದ ಕತ್ತರಿಸುವ ಅಗತ್ಯವೇ ಇರಲಿಲ್ಲ. "ಮೂರಕ್ಕೂ ಕಟಿಂಗ್ ಒಂದೇ ಕಣೆ. ಒಂದೊಂದು ಮನೆ ಮೇಲೆ ಸರಿಸಿದರೆ ಆಯ್ತು," ಎಂದಳು. ಇನ್ನೊಂದು ದಿನ, ತಳದಿಂದ ಪಕ್ಕಕ್ಕೆ ಮೊದಲ ಹೆಜ್ಜೆ ಇಟ್ಟಾಗ ಗೆರೆ ಎಷ್ಟು ಹತ್ತುತ್ತದೋ, ಎರಡನೇ ಹೆಜ್ಜೆಗೆ ಅದರ ಮೂರರಷ್ಟು, ಮೂರನೇ ಹೆಜ್ಜೆಗೆ ಐದರಷ್ಟು ಹತ್ತುತ್ತದೆ ಎಂಬುದು ಅವಳ ಗಮನಕ್ಕೆ ಬಂತು. ಬಟ್ಟಲು ಅಗಲವಿರಲಿ, ಇಕ್ಕಟ್ಟಿರಲಿ, ಈ ಲೆಕ್ಕ ತಪ್ಪುತ್ತಿರಲಿಲ್ಲ. ಆಪರೇಟರ್ ಕೇಳಿ ತಲೆ ಆಡಿಸುತ್ತ, "ಇದು ನನ್ನ ಪುಸ್ತಕದಲ್ಲಿಲ್ಲ, ಅಕ್ಕ. ನಿಮಗೆ ಲೆಕ್ಕ ಬರೋದಿಲ್ಲ ಅಂತ ಹೇಳಿದ್ದು ಯಾರು?" ಎಂದಳು. ಕಾಜಾ ಅಕ್ಕ ದಾರ ಕಚ್ಚಿ ಕತ್ತರಿಸಿದಳು. ಮುಂದಿನ ಗಂಟಿಗೆ ಸೂಜಿ ಇಟ್ಟಳು.

ಅವರಿಬ್ಬರಿಗೆ ಜಗಳವಾದದ್ದು ಒಂದೇ ಸಲ, ಮುಟ್ಟುವ ಗೆರೆಯ ಬಗ್ಗೆ.

"ಇದು ಮುಟ್ಟಿಲ್ಲ," ಎಂದಳು ಆಪರೇಟರ್, ಬೆರಳು ತಳದಲ್ಲಿಟ್ಟು.

"ಮುಟ್ಟಿದೆ. ನನ್ನ ಕಣ್ಣಾರೆ ನೋಡ್ತಿದ್ದೀನಿ."

"ನಿಮ್ಮ ಕಣ್ಣಿಗೆ ಮುಟ್ಟಿದೆ. ನನ್ನ ಬೆರಳಿಗೆ ನಡುವೆ ಒಂದು ಎಳೆಯಷ್ಟು ಜಾಗ ಸಿಗುತ್ತೆ. ಎಳೆಯಷ್ಟಾದರೂ ಜಾಗ ಇದೆ ಅಂದರೆ ಈ ಸಮೀಕರಣಕ್ಕೆ ಮೂಲವೇ ಇಲ್ಲ ಅಂತ ನಾನು ಬರೀತೀನಿ. ಸೊನ್ನೆ ಅಂಕ ಬರುತ್ತೆ."

ಕಾಜಾ ಅಕ್ಕ ಮುಖ ಊದಿಸಿಕೊಂಡೇ ಬಿಚ್ಚಿದಳು. ಸರಪಳಿಯ ಮೇಲೆ ಹೊಲಿದರೆ ದಾಟಿದ ಹಾಗೆ ಸಿಗುತ್ತಿತ್ತು, ಪಕ್ಕದಲ್ಲಿ ಹೊಲಿದರೆ ದೂರ ನಿಂತ ಹಾಗೆ. ನಾಲ್ಕು ಸಲ ಬಿಚ್ಚಿ ಹೊಲಿದ ಮೇಲೆ ದಾರಿ ಸಿಕ್ಕಿತು: ತಳಕ್ಕೆ ಬಂದಾಗ ಗೆರೆಯ ದಾರವನ್ನು ಸರಪಳಿಯ ತೂತಿಗೇ ಇಳಿಸಿ, ಅದೇ ತೂತಿನಿಂದ ಅದೇ ಮಗ್ಗುಲಿಗೆ ಎಳೆದುಕೊಳ್ಳುವುದು. ಒಂದು ತೂತಿನಲ್ಲಿ ಎರಡು ದಾರ. ಆಪರೇಟರ್ ಬೆರಳಿಟ್ಟಳು. ಕಾಜಾ ಅಕ್ಕನ ಕೈ ಹುಡುಕಿ ಹಿಡಿದುಕೊಂಡಳು.

ಪರೀಕ್ಷೆಗೆ ಅರ್ಜಿ ಹಾಕಿದಾಗ ಹೊಸ ತೊಡಕು ಬಂತು. ದೃಷ್ಟಿ ಇಲ್ಲದವರಿಗೆ ನಕ್ಷೆಯ ಪ್ರಶ್ನೆ ತೆಗೆದು, ಅದರ ಬದಲು ಒಂದು ವ್ಯಾಖ್ಯೆ ಬರೆಯಿರಿ ಎಂದು ಕೊಡುವುದು ರೂಢಿಯಂತೆ. ಸುಲಭದ ಅಂಕ. ಆಪರೇಟರ್ ಅದು ಬೇಡವೆಂದು ಪತ್ರ ಬರೆಸಿದಳು. "ನಾಳೆ ನಾನು ಮಕ್ಕಳಿಗೆ ಪಾಠ ಹೇಳಬೇಕು. ಈ ಪ್ರಶ್ನೆ ನಿಮಗಲ್ಲ ಬಿಡಿ ಅಂತ ಹೇಳ್ಕೊಂಡೇ ಹೋಗಲಾ?" ಎಂದಳು. ಬಕ್ರಂ ಮೇಲಿನ ನಾಲ್ಕು ನಕ್ಷೆಗಳನ್ನೂ ಪತ್ರದ ಜೊತೆ ಕಳಿಸಿದಳು. ಆರು ತಿಂಗಳು ಸದ್ದಿಲ್ಲ. ಆಮೇಲೆ ಉತ್ತರ ಬಂತು: ಆ ವರ್ಷ ಒಟ್ಟು ಹನ್ನೆರಡು ಅಂಧ ಅಭ್ಯರ್ಥಿಗಳು ಗಣಿತ ಬರೆಯುತ್ತಿದ್ದಾರೆ, ಎಲ್ಲರಿಗೂ ಮುಟ್ಟಿ ತಿಳಿಯುವ ನಕ್ಷೆ ಕೊಡಬಹುದು, ಹೊಲಿದವರೇ ಕಚೇರಿಗೆ ಬಂದು ಹೊಲಿಯಬೇಕು.

ಕಾಜಾ ಅಕ್ಕ ಪರೀಕ್ಷಾ ಕಚೇರಿಗೆ ಹೋಗಿ ಮೊದಲು ಹೇಳಿದ ಮಾತು, "ಸಾರ್, ಆ ಹನ್ನೆರಡರಲ್ಲಿ ಒಬ್ಬಳು ನನಗೆ ಗೊತ್ತು," ಎಂಬುದು. ಅಲ್ಲಿನ ಮೇಲ್ವಿಚಾರಕರು ಕನ್ನಡಕವನ್ನು ಹಣೆಗೇರಿಸಿ ಯೋಚಿಸಿದರು. ಬೇರೆ ಯಾರಿಗೂ ಈ ಕೆಲಸ ಬರುತ್ತಿರಲಿಲ್ಲ. ಕೊನೆಗೆ, ಪರೀಕ್ಷೆಗೆ ಮೊದಲಿನ ಮೂರು ದಿನ ಅವಳು ಕಚೇರಿಯಲ್ಲೇ ಇರಬೇಕು, ಪರೀಕ್ಷೆ ಮುಗಿದ ಮೇಲೆಯೇ ಹೊರಗೆ ಹೋಗಬೇಕು, ಜೊತೆಗೆ ಒಬ್ಬ ಮಹಿಳಾ ಗುಮಾಸ್ತೆ ಇರುತ್ತಾರೆ ಎಂದು ತೀರ್ಮಾನವಾಯಿತು. ಚೌಕುಳಿ, ಅಡ್ಡ ಗೆರೆ, ನೆಟ್ಟ ಗೆರೆ ಹಾಕಿದ ಹನ್ನೆರಡು ಬಕ್ರಂ ಹಾಳೆಗಳನ್ನು ಅವಳು ಅಂಗಡಿಯಲ್ಲೇ ಸಿದ್ಧ ಮಾಡಿಕೊಂಡು ಹೋದಳು. ಹಾಳೆಗೆ ನಾಲ್ಕು ಚಿತ್ರದಂತೆ ನಲವತ್ತೆಂಟು ಬಾಗು ಗೆರೆಗಳು ಬಾಕಿ.

ಮೊದಲ ದಿನ ಮುದ್ರೆ ಒಡೆದು ಪ್ರಶ್ನೆಯ ಹಾಳೆ ಕೈಗಿತ್ತರು. ನಾಲ್ಕು ನಕ್ಷೆಗಳಲ್ಲಿ ಸಮನಾದ ಎರಡು ಮೂಲಗಳಿರುವ ಸಮೀಕರಣ ಯಾವುದು ಎಂಬ ಪ್ರಶ್ನೆ. ಮೊದಲನೆಯದು ಮೇಲಕ್ಕೆ ತೆರೆದು ಎರಡು ಕಡೆ ಕತ್ತರಿಸಿತ್ತು. ಎರಡನೆಯದು ಕವುಚಿಕೊಂಡು, ಅಡ್ಡ ಗೆರೆಗಿಂತ ಅರ್ಧ ಮನೆ ಕೆಳಗೇ ನಿಂತಿತ್ತು. ನಾಲ್ಕನೆಯದು ಕವುಚಿಕೊಂಡು ಎರಡು ಕಡೆ ಕತ್ತರಿಸಿತ್ತು. ಮೂರನೆಯದೂ ಕವುಚಿದ ಬಟ್ಟಲೇ, ಅದರ ಮೇಲೆ ಅವಳ ಕಣ್ಣು ನಿಂತಿತು. ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಸಾರ್, ಈ ಮೂರನೇದು ಅಡ್ಡ ಗೆರೆ ಮುಟ್ಟಿದೆಯೋ ಇಲ್ಲವೋ?"

"ಕಾಣ್ತಾ ಇದೆಯಲ್ಲ, ಮುಟ್ಟಿದೆ," ಎಂದರು ಮೇಲ್ವಿಚಾರಕರು.

"ಇಲ್ಲ ಸಾರ್. ಕೂದಲೆಳೆಯಷ್ಟು ಕೆಳಗಿದೆ."

ಅವರು ಭೂತಗನ್ನಡಿ ತಂದು ನೋಡಿದರು. ಕೂದಲೆಳೆಯಷ್ಟು ಬಿಳುಪು ನಡುವೆ ಇತ್ತು. "ಸರಿ, ಹಾಗಾದರೆ ಮುಟ್ಟಿಲ್ಲ. ಇದ್ದ ಹಾಗೆ ಹೊಲೀರಿ. ಮುದ್ರೆ ಹಾಕಿದ ಪ್ರಶ್ನೆ ಇದು. ತಿದ್ದೋದು ನಿಮ್ಮ ಕೆಲಸ ಅಲ್ಲ."

ಅವಳು ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸಿದಳು. ಮೂವತ್ತೈದು ವರ್ಷದ ಹಿಂದಿನ ನಗು ಕಿವಿಯಲ್ಲಿ ಕೇಳಿಸಿದಂತಾಯಿತು. ಇವರು ಓದಿದವರು, ತಾನು ಹೇಳುವುದೇನು ಎನಿಸಿತು. ಕಣ್ಣಿರುವ ಸಾವಿರಾರು ಮಂದಿಗೆ ಈ ಚಿತ್ರ ಮುಟ್ಟಿದಂತೆಯೇ ಕಾಣುತ್ತದೆ, ಅವರು ಸರಿಯಾಗಿ ಬರೆಯುತ್ತಾರೆ. ಬೆರಳಿನಿಂದ ನೋಡುವ ಹನ್ನೆರಡು ಮಂದಿಗೆ ಮಾತ್ರ ಮುಟ್ಟಿದ ಗೆರೆಯೇ ಸಿಗುವುದಿಲ್ಲ. ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದು ನಿಂತಳು.

"ಸಾರ್, ಒಂದು ನಿಮಿಷ. ಇದರ ಮೇಲೆ ನಾಲ್ಕು ಚುಕ್ಕಿ ಹಾಕಿದ್ದಾರೆ. ಸೊನ್ನೆಯಲ್ಲಿ ನಾಲ್ಕು ಮನೆ ಕೆಳಗೆ, ಒಂದರಲ್ಲಿ ಒಂದು ಮನೆ ಕೆಳಗೆ. ಆ ಕಡೆನೂ ಹಾಗೇ, ಮೂರರಲ್ಲಿ ಒಂದು, ನಾಲ್ಕರಲ್ಲಿ ನಾಲ್ಕು. ನೆತ್ತಿ ಎರಡರಲ್ಲಿದೆ. ನೆತ್ತಿಯಿಂದ ಎರಡನೇ ಹೆಜ್ಜೆಗೆ ಮೂರು ಮನೆ ಇಳಿದಿದೆ, ಅಲ್ವಾ? ಈ ಜಾತಿಯ ಗೆರೆ ಎರಡನೇ ಹೆಜ್ಜೆಗೆ ಮೂರು ಇಳಿದರೆ ಮೊದಲನೇ ಹೆಜ್ಜೆಗೆ ಒಂದೇ ಇಳಿಯೋದು. ಒಂದರಲ್ಲಿ ಒಂದು ಮನೆ ಕೆಳಗಿದೆ ಅಂದರೆ, ಎರಡರಲ್ಲಿ ಗೆರೆ ಮೇಲೇ ಇರಬೇಕು. ಅದಕ್ಕೆ ಬೇರೆ ಜಾಗವೇ ಇಲ್ಲ."

ಮೇಲ್ವಿಚಾರಕರು ಅವಳನ್ನೂ ಕಾಗದವನ್ನೂ ನೋಡಿದರು. ಪೆನ್ಸಿಲ್ ತೆಗೆದುಕೊಂಡು ಅಂಚಿನಲ್ಲಿ ಏನೋ ಗೀಚಿದರು, ಹೊಡೆದು ಹಾಕಿ ಮತ್ತೆ ಗೀಚಿದರು. ಕೊನೆಗೆ ಅವರು ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಪ್ರಶ್ನೆ ಸಿದ್ಧಪಡಿಸಿದವರಿಗೆ ಫೋನು ಮಾಡಿದರು. ಮೇಲ್ವಿಚಾರಕರು ಹೊರಗೆ ಬರುವವರೆಗೂ ಕಾಜಾ ಅಕ್ಕ ಮೊದಲನೇ ಚಿತ್ರ ಹೊಲಿಯುತ್ತಿದ್ದಳು. ಎರಡು ಸಲ ಬಿಚ್ಚಿ ಹೊಲಿದಳು.

"ಮುಟ್ಟಬೇಕಂತೆ," ಎಂದರು ಹೊರಗೆ ಬಂದು. ಆಮೇಲೆ, "ಅಚ್ಚಿನವರು ಎಳೆಯುವಾಗ ಸರಿದಿದೆ. ಎಲ್ಲಿ ಓದಿದಿರಮ್ಮ ನೀವು?" ಎಂದು ಕೇಳಿದರು.

"ಹತ್ತನೇ ತರಗತಿ ಫೇಲು, ಸಾರ್. ಇದೇ ವಿಷಯ," ಎಂದಳು ಅವಳು.

ಪರೀಕ್ಷೆ ಮುಗಿಯಿತು. ಹೊರಗೆ ಬಂದ ಆಪರೇಟರ್ ನಕ್ಷೆಯ ಮಾತೇ ಎತ್ತಲಿಲ್ಲ. ಅದನ್ನು ಅರ್ಧ ನಿಮಿಷದಲ್ಲಿ ಬರೆದಿದ್ದಳಂತೆ. ಶಂಕುವಿನ ಘನಫಲದಲ್ಲಿ ಭಾಗಾಕಾರ ತಪ್ಪಿದ್ದಕ್ಕೆ ಮನೆ ಸೇರುವವರೆಗೂ ತನ್ನನ್ನೇ ಬೈದುಕೊಂಡಳು. ಫಲಿತಾಂಶ ಬಂದಾಗ ಐವತ್ತೆಂಟು ಅಂಕ. ತರಬೇತಿಗೆ ಸೀಟು ಸಿಕ್ಕಿತು.

ಆದರೆ ಕಾಜಾ ಅಕ್ಕನಿಗೆ ಇನ್ನೊಂದು ಹಂಬಲ. ಉಳಿದ ಹನ್ನೊಂದು ಮಂದಿಯ ಕಥೆ ಏನಾಯಿತು? ಕೇಳಲೇ, ಬೇಡವೇ ಎಂದು ಎರಡು ವಾರ ಹೊಯ್ದಾಡಿ ಕಚೇರಿಗೆ ಹೋದಳು. ಮೇಲ್ವಿಚಾರಕರು ಯಾರ ಹೆಸರನ್ನೂ ಹೇಳದೆ, ಹನ್ನೆರಡರಲ್ಲಿ ಹನ್ನೊಂದು ಮಂದಿ ಮೂರನೇ ಚಿತ್ರ ಎಂದು ಸರಿಯಾಗಿ ಬರೆದಿದ್ದಾರೆ, ಒಬ್ಬರು ಮಾತ್ರ ಎರಡನೆಯದು ಎಂದು ಬರೆದಿದ್ದಾರೆ ಎಂದರು. "ಒಬ್ಬರು ತಪ್ಪೋದು ಸಹಜ ಬಿಡಿ," ಎಂದರು.

"ಆ ಒಂದು ಹಾಳೆ ನೋಡಬಹುದಾ, ಸಾರ್?"

ಹಾಳೆ ತರಿಸಿದರು. ಅವಳು ಕಣ್ಣು ಮುಚ್ಚಿಕೊಂಡು ಬೆರಳಾಡಿಸಿದಳು. ಮೊದಲನೆಯದು ಸರಿ. ಎರಡನೆಯದರ ನೆತ್ತಿಯ ಮೇಲೆ ಬೆರಳು ಏನನ್ನೋ ತಡವಿತು. ಕಣ್ಣು ತೆರೆದಳು. ಅಂಗಡಿಯಲ್ಲಿ ಅಡ್ಡ ಗೆರೆ ಹಾಕುವಾಗ ಅಲ್ಲಿ ದಾರ ಮುಗಿದು ಹೊಸ ದಾರ ಕಟ್ಟಿದ್ದಳು. ಆ ಗಂಟು ಹಿಂದಕ್ಕೆ ಹೋಗುವ ಬದಲು ಮುಂದಕ್ಕೆ ಬಂದು, ಕೆಳಗೆ ಜೋತುಬಿದ್ದಿತ್ತು. ಗೆರೆಯ ನೆತ್ತಿಗೂ ಅಡ್ಡ ಗೆರೆಗೂ ನಡುವಿನ ಅರ್ಧ ಮನೆಯನ್ನು ಆ ಗಂಟೂ ಅದರ ದಾರದ ತುದಿಯೂ ತುಂಬಿಬಿಟ್ಟಿದ್ದವು. ಬೆರಳಿಗೆ ಅದು ಮುಟ್ಟಿದ ಹಾಗೆಯೇ ಸಿಗುತ್ತಿತ್ತು.

"ತಪ್ಪು ಅವರದ್ದಲ್ಲ, ಸಾರ್. ನನ್ನದು," ಎಂದಳು.

"ಫಲಿತಾಂಶ ಆಗಿಹೋಗಿದೆಯಮ್ಮ. ಇನ್ನು ತೆಗೆಯೋಕಾಗಲ್ಲ."

"ಏನು ಮಾಡಿದರೆ ತೆಗೆಯೋಕಾಗುತ್ತೆ?"

ಲಿಖಿತ ಅರ್ಜಿ ಬೇಕು ಎಂದರು, ಸುಮ್ಮನಾಗಲಿ ಎಂದೇ ಹೇಳಿದರೋ ಏನೋ. ಅವಳು ಅಲ್ಲೇ ಬೆಂಚಿನ ಮೇಲೆ ಕೂತು, ಗುಮಾಸ್ತೆಯ ಹತ್ತಿರ ಹಾಳೆ ಕೇಳಿ ಪಡೆದು ಬರೆದಳು. ಜೀವನದಲ್ಲಿ ಒಂದು ಕಚೇರಿಗೆ ಅವಳು ಬರೆದ ಮೊದಲ ಪತ್ರ ಅದು. ಗಂಟು ಎಲ್ಲಿದೆ ಎಂದು ತೋರಿಸಲು ಕೆಳಗೆ ಒಂದು ಚಿತ್ರವನ್ನೂ ಬರೆದಳು: ಅಡ್ಡ ಗೆರೆ, ಅದರ ಕೆಳಗೆ ಕವುಚಿದ ಬಾಗು, ನಡುವೆ ಒಂದು ಚುಕ್ಕಿ.

ಎರಡು ತಿಂಗಳಾದ ಮೇಲೆ ಅಂಗಡಿಗೆ ಒಂದು ಕಾರ್ಡು ಬಂತು. ಆ ಅಭ್ಯರ್ಥಿಗೆ ಎರಡು ಅಂಕ ಸೇರಿಸಲಾಗಿದೆ ಎಂದಷ್ಟೇ ಇತ್ತು. ಅದರಿಂದ ಆ ವ್ಯಕ್ತಿ ಪಾಸಾದರೋ, ಮೊದಲೇ ಪಾಸಾಗಿದ್ದರೋ, ಗಂಡಸೋ ಹೆಂಗಸೋ, ಯಾವುದೂ ಅವಳಿಗೆ ತಿಳಿಯಲಿಲ್ಲ. ಭಾವ ಕಾರ್ಡನ್ನು ಓದಿ, "ನಿನ್ನನ್ನು ಯಾರೂ ಕೇಳಿರಲಿಲ್ಲವಲ್ಲಮ್ಮ, ಯಾಕೆ ಹೋದೆ?" ಎಂದ.

"ಗಂಟು ನನ್ನದಲ್ವಾ, ಭಾವ," ಎಂದಳು ಅವಳು.

ಮುಂದಿನ ವರ್ಷದ ಹಾಳೆಗಳು ಈಗ ಕಿಟಕಿಯ ಪಕ್ಕದಲ್ಲಿವೆ. ಈ ಸಲ ಹತ್ತೊಂಬತ್ತು ಮಂದಿ. ಅಡ್ಡ ಗೆರೆಗೆ ಬೇಕಾದ ದಾರವನ್ನು ಅವಳು ಮೊದಲೇ ಅಳೆದು ಒಂದೇ ಎಳೆಯಲ್ಲಿ ತೆಗೆದಿಟ್ಟುಕೊಂಡಿದ್ದಾಳೆ, ನಡುವೆ ಎಲ್ಲೂ ಕಟ್ಟುವ ಅಗತ್ಯ ಬೀಳದ ಹಾಗೆ.